ಆಗಸ್ಟ್‌ನಲ್ಲೇ ತೀರ್ಮಾನವಾಗುವ ನವೆಂಬರ್ ಚುನಾವಣೆ: ಮಿಷಿಗನ್ ಮತಗಟ್ಟೆಯ ಮೇಜಿನಿಂದ

ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಅಮೆರಿಕದ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ಗೆ ಆಯ್ಕೆಯಾದದ್ದು 2022ರ ನವೆಂಬರ್‌ನಲ್ಲಿ. ಕಾಗದದ ಮೇಲೆ ಹಾಗೇ ಇದೆ. ಆದರೆ ಮಿಷಿಗನ್ ರಾಜ್ಯದಲ್ಲಿ ಮತಗಟ್ಟೆ ಕೆಲಸ ಮಾಡಿದವರನ್ನು ಕೇಳಿದರೆ ಅವರು ಗೆದ್ದದ್ದು ಆಗಸ್ಟ್ 2ರಂದು ಎನ್ನುತ್ತಾರೆ. ಡೆಟ್ರಾಯಿಟ್ ನಗರದ ಬಹುಭಾಗವನ್ನು ಒಳಗೊಂಡ 13ನೇ ಕ್ಷೇತ್ರದಲ್ಲಿ ಅಂದು ಡೆಮಾಕ್ರಟಿಕ್ ಪ್ರೈಮರಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಚುನಾವಣೆ, ನಡೆಯಿತು. ಕಣದಲ್ಲಿದ್ದವರು ಒಂಬತ್ತು ಜನ. ಥಾಣೇದಾರ್‌ಗೆ ಬಿದ್ದದ್ದು ಶೇ 28ರಷ್ಟು ಮತ. ಹತ್ತರಲ್ಲಿ ಏಳು ಮಂದಿ ಬೇರೆಯವರಿಗೆ ಹಾಕಿದ್ದರೂ ಉಳಿದ ಎಂಟು ಜನರಲ್ಲಿ ಮತ ಹಂಚಿಹೋಯಿತು. ಮಿಷಿಗನ್‌ನಲ್ಲಿ ಎರಡನೇ ಸುತ್ತು ಇಲ್ಲ, ಹೆಚ್ಚು ಮತ ಪಡೆದವರೇ ಪಕ್ಷದ ಅಭ್ಯರ್ಥಿ. ನವೆಂಬರ್‌ನಲ್ಲಿ ಅದೇ ಕ್ಷೇತ್ರ ಅವರಿಗೆ ಶೇ 71ರಷ್ಟು ಮತ ಕೊಟ್ಟಿತು. ಡೆಮಾಕ್ರಟರ ಭದ್ರಕೋಟೆಯಲ್ಲಿ ಅದು ಯಾರಿಗೂ ಅಚ್ಚರಿಯ ಸಂಗತಿ ಆಗಿರಲಿಲ್ಲ.

ಇಲ್ಲಿನ ಕ್ಷೇತ್ರಗಳಲ್ಲಿ ಹೆಚ್ಚಿನವು ಹೀಗೇ ಒಂದು ಪಕ್ಷದ ಕಡೆಗೆ ವಾಲಿದಂಥವು. ಅಲ್ಲಿ ನಿಜವಾದ ಪೈಪೋಟಿ ಇರುವುದು ಪ್ರೈಮರಿಯಲ್ಲಿ. ಆದರೆ ಜನ ಬರುವುದು ನವೆಂಬರ್‌ಗೆ. 2022ರಲ್ಲಿ ಮಿಷಿಗನ್‌ನ ಆಗಸ್ಟ್ ಪ್ರೈಮರಿಯಲ್ಲಿ ಮತ ಹಾಕಿದವರು ಸುಮಾರು 21 ಲಕ್ಷ, ನವೆಂಬರ್‌ನಲ್ಲಿ ಸುಮಾರು 45 ಲಕ್ಷ. ಈ ಅಂತರದಲ್ಲಿ ನಮ್ಮ ಕನ್ನಡದವರೂ ಬಹಳ ಮಂದಿ ಇದ್ದಾರೆ. ರಾಜಕೀಯದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ, ಆಗಸ್ಟ್‌ನಲ್ಲಿ ಮಾತ್ರ ಮಕ್ಕಳ ಶಾಲೆ ತೆರೆಯುವ ಮುಂಚೆ ಊರಿಗೆ ಹೋಗಿರುತ್ತಾರೆ, ಇಲ್ಲವೇ ಅಂಥದ್ದೊಂದು ಚುನಾವಣೆ ಇದೆಯೆಂದೇ ಗೊತ್ತಿರುವುದಿಲ್ಲ. ಮತಗಟ್ಟೆಯಲ್ಲಿ ಎಲೆಕ್ಷನ್ ಇನ್‌ಸ್ಪೆಕ್ಟರ್‌ಗಳಾಗಿ ಕೂರುವ ನಮಗೆ ಇದು ಮನಸ್ಸಿಗೆ ಹತ್ತಿದ ವಿಷಯ. ಆದ್ದರಿಂದ ಎರಡೂ ಚುನಾವಣೆಗಳು ಮೇಜಿನ ಈಚೆ ಬದಿಯಿಂದ ಹೇಗೆ ಕಾಣುತ್ತವೆ, ಎಲ್ಲೆಲ್ಲಿ ಮತ ಕೆಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಕರ್ನಾಟಕದಲ್ಲಿ ಪಕ್ಷದ ಅಭ್ಯರ್ಥಿ ಯಾರೆಂದು ಹೈಕಮಾಂಡ್ ತೀರ್ಮಾನಿಸಿ ಬಿ ಫಾರ್ಮ್ ಕೊಡುತ್ತದೆ. ಇಲ್ಲಿ ಬಿ ಫಾರ್ಮ್ ಕೊಡುವವರು ಮತದಾರರು. ಪ್ರೈಮರಿ ಎಂದರೆ ಅದೇ. ಅದನ್ನು ನಡೆಸುವುದು ಸರ್ಕಾರ, ಖರ್ಚು ಸರ್ಕಾರದ್ದು, ಯಂತ್ರ ಮತ್ತು ಸಿಬ್ಬಂದಿ ನವೆಂಬರ್‌ನವೇ. ದೇಶಕ್ಕೆಲ್ಲ ಒಂದೇ ಚುನಾವಣಾ ಆಯೋಗ ಇಲ್ಲ. ರಾಜ್ಯದ ಕಾನೂನಿನಂತೆ ಮಿಷಿಗನ್‌ನಲ್ಲಿ ನಗರ ಅಥವಾ ಟೌನ್‌ಶಿಪ್‌ನ ಕ್ಲರ್ಕ್ ಚುನಾವಣೆ ನಡೆಸುತ್ತಾರೆ, ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಕ್ಲರ್ಕ್ ಮತಪತ್ರ ಮುದ್ರಿಸುತ್ತಾರೆ, ಮೇಲುಸ್ತುವಾರಿ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್‌ದು. ಪ್ರಶ್ನೆ ಏನೇ ಇದ್ದರೂ ಮೊದಲು ಕೇಳಬೇಕಾದದ್ದು ನಿಮ್ಮ ಟೌನ್‌ಶಿಪ್‌ನ ಕ್ಲರ್ಕ್ ಕಚೇರಿಯನ್ನು.

ಮೊದಲು ಹೆಸರು ನೋಂದಣಿ. 18 ವರ್ಷ ತುಂಬಿದ ಅಮೆರಿಕದ ಪ್ರಜೆಯಾಗಿರಬೇಕು, ಚುನಾವಣೆಯ ದಿನಕ್ಕೆ ಆ ನಗರ ಅಥವಾ ಟೌನ್‌ಶಿಪ್‌ನಲ್ಲಿ 30 ದಿನ ವಾಸವಾಗಿರಬೇಕು. ಆನ್‌ಲೈನ್ ಅಥವಾ ಅಂಚೆಯ ಮೂಲಕ ಚುನಾವಣೆಗೆ 15 ದಿನ ಮುಂಚಿನವರೆಗೆ ನೋಂದಾಯಿಸಬಹುದು. ಆ ಗಡುವು ದಾಟಿದರೆ ವಿಳಾಸದ ದಾಖಲೆ ಹಿಡಿದು ಕ್ಲರ್ಕ್ ಕಚೇರಿಗೆ ಖುದ್ದಾಗಿ ಹೋಗಬೇಕು. ಚುನಾವಣೆಯ ದಿನ ರಾತ್ರಿ 8ರವರೆಗೂ ಅದಕ್ಕೆ ಅವಕಾಶವಿದೆ. 2018ರಲ್ಲಿ ರಾಜ್ಯದ ಜನ ಮತ ಹಾಕಿ ಸಂವಿಧಾನಕ್ಕೆ ಸೇರಿಸಿದ ಹಕ್ಕು ಇದು.

ಗ್ರೀನ್ ಕಾರ್ಡ್ ಇರುವವರು ಇದನ್ನು ಎರಡು ಸಲ ಓದಿ. ಪ್ರಜೆಯಾಗದೆ ನೋಂದಾಯಿಸುವುದು, ಮತ ಹಾಕುವುದು ಫೆಡರಲ್ ಅಪರಾಧ. ದಂಡ, ಜೈಲು ಒಂದು ಕಡೆ, ಮುಂದೆ ಪೌರತ್ವ ಕೈತಪ್ಪಬಹುದು, ಗಡೀಪಾರೂ ಆಗಬಹುದು. ಎಡವಟ್ಟು ಆಗುವುದು ಹೆಚ್ಚಾಗಿ ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ. ಅಲ್ಲೇ ಮತದಾರರ ನೋಂದಣಿಯೂ ಆಗುವುದರಿಂದ ಫಾರ್ಮಿನ ಪ್ರಜೆತನದ ಪ್ರಶ್ನೆಯನ್ನು ಸರಿಯಾಗಿ ಓದದೆ ಗುರುತು ಹಾಕಿ ಸಹಿ ಮಾಡಿಬಿಡುತ್ತಾರೆ. ಬೇಕೆಂದು ಮಾಡಿದ್ದಲ್ಲ ಎನ್ನುವುದು ಆಮೇಲೆ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ತಪ್ಪಾಗಿ ನಿಮ್ಮ ಹೆಸರಿಗೆ ವೋಟರ್ ಕಾರ್ಡ್ ಬಂದರೆ ಬಳಸಬೇಡಿ. ಒಬ್ಬ ಇಮಿಗ್ರೇಷನ್ ವಕೀಲರನ್ನು ಕೇಳಿ, ಆಮೇಲೆ ಬರವಣಿಗೆಯಲ್ಲಿ ರದ್ದು ಮಾಡಿಸಿ. ಪೌರತ್ವದ ಪ್ರಮಾಣವಚನ ಆದ ಮೇಲಷ್ಟೇ ನೋಂದಣಿ.

ಇನ್ನು ಕಣಕ್ಕಿಳಿಯುವವರ ಕಡೆ. ಪ್ರೈಮರಿ ಮತಪತ್ರದಲ್ಲಿ ಹೆಸರು ಬರಬೇಕಾದರೆ ಪಕ್ಷದ ಒಪ್ಪಿಗೆ ಬೇಕಿಲ್ಲ, ಮತದಾರರ ಸಹಿ ಬೇಕು. ಅಮೆರಿಕದ ಹೌಸ್‌ಗೆ ಮಿಷಿಗನ್‌ನಲ್ಲಿ ಕನಿಷ್ಠ 1,000 ಮಾನ್ಯ ಸಹಿ, ಗವರ್ನರ್ ಸ್ಥಾನಕ್ಕೆ 15,000. ರಾಜ್ಯದ ಶಾಸನಸಭೆಗಾದರೆ ಸಹಿಯ ಬದಲು 100 ಡಾಲರ್ ಕಟ್ಟಿದರೂ ನಡೆಯುತ್ತದೆ. 'ಮಾನ್ಯ' ಎಂಬ ಪದದಲ್ಲೇ ಇರುವುದು ಕಷ್ಟ. ಸಹಿ ಹಾಕಿದವರು ಆ ಕ್ಷೇತ್ರದ ನೋಂದಾಯಿತ ಮತದಾರರಾಗಿರಬೇಕು, ದಿನಾಂಕ ಇರಬೇಕು, ಸಹಿ ಸಂಗ್ರಹಿಸಿದವರೂ ಹಾಳೆಯ ಕೆಳಗೆ ಸಹಿ ಮಾಡಿ ದಿನಾಂಕ ಹಾಕಬೇಕು. ಅಂಗಡಿ ಬಾಗಿಲಲ್ಲಿ ನಿಂತು ಸಂಗ್ರಹಿಸಿದ ಸಹಿಗಳಲ್ಲಿ ಪಕ್ಕದ ಕ್ಷೇತ್ರದವರವು, ನೋಂದಣಿಯೇ ಇಲ್ಲದವರವು, ಒಬ್ಬರೇ ಎರಡು ಸಲ ಹಾಕಿದವು ಸೇರಿಕೊಂಡಿರುತ್ತವೆ. ಅದಕ್ಕೇ ಬೇಕಾದದ್ದಕ್ಕಿಂತ ಒಂದೂವರೆ ಪಟ್ಟಾದರೂ ಸಂಗ್ರಹಿಸಬೇಕು ಎಂದು ತಿಳಿದವರು ಹೇಳುವುದು. 2022ರಲ್ಲಿ ರಿಪಬ್ಲಿಕನ್ ಗವರ್ನರ್ ಪ್ರೈಮರಿಗೆ ನಿಂತಿದ್ದ ಹತ್ತು ಜನರಲ್ಲಿ ಐವರ ಹೆಸರು ಇದೇ ಕಾರಣಕ್ಕೆ ಬಿದ್ದುಹೋಯಿತು. ಡೆಟ್ರಾಯಿಟ್‌ನ ಮಾಜಿ ಪೊಲೀಸ್ ಮುಖ್ಯಸ್ಥ ಜೇಮ್ಸ್ ಕ್ರೇಗ್ ಅವರಲ್ಲೊಬ್ಬರು. ಹಣ ಪಡೆದು ಸಹಿ ಸಂಗ್ರಹಿಸಿದ 36 ಮಂದಿ ಖೋಟಾ ಸಹಿಯ ಹಾಳೆಗಳನ್ನು ಕೊಟ್ಟಿದ್ದಾರೆಂದು ರಾಜ್ಯದ ಚುನಾವಣಾ ಬ್ಯೂರೋ ಪತ್ತೆ ಹಚ್ಚಿತು. ಅಭ್ಯರ್ಥಿಗಳಿಗೆ ಗೊತ್ತಿತ್ತೆಂದು ಬ್ಯೂರೋ ಹೇಳಲಿಲ್ಲ, ಆದರೂ ಹೆಸರು ಉಳಿಯಲಿಲ್ಲ. 2024ರಲ್ಲಿ 13ನೇ ಕ್ಷೇತ್ರದಲ್ಲೂ ಹೀಗೇ ಆಯಿತು. ಥಾಣೇದಾರ್ ಎದುರು ಮತ್ತೆ ನಿಲ್ಲಲು ಹೊರಟಿದ್ದ ಆಡಮ್ ಹಾಲಿಯರ್ ಅವರ ಸಹಿಗಳಲ್ಲಿ ಮಾನ್ಯವಾದವು 1,000 ಮುಟ್ಟಲಿಲ್ಲ. ಮತದಾರರು ತೀರ್ಮಾನಿಸುವ ಮುಂಚೆಯೇ ಕಣ ಬದಲಾಗುವುದು ಇಲ್ಲಿ ಹೀಗೆ.

ಆಗಸ್ಟ್‌ನ ಮತಪತ್ರವನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಕೆಡುವ ಮತಗಳಲ್ಲಿ ಹೆಚ್ಚಿನವು ಕೆಡುವುದು ಇಲ್ಲೇ. ಮಿಷಿಗನ್‌ನಲ್ಲಿ ಮತದಾರರು ಯಾವ ಪಕ್ಷದವರೆಂದು ನೋಂದಾಯಿಸುವ ಪದ್ಧತಿ ಇಲ್ಲ. ಆದ್ದರಿಂದ ಎಲ್ಲರಿಗೂ ಒಂದೇ ಹಾಳೆ. ಅದರ ಮುಖದ ಮೇಲೆ ಅಕ್ಕಪಕ್ಕ, ಮೇಲಿಂದ ಕೆಳಕ್ಕೆ ಎರಡು ಉದ್ದ ಸಾಲು (ಕಾಲಂ), ಒಂದರಲ್ಲಿ ಡೆಮಾಕ್ರಟಿಕ್ ಆಕಾಂಕ್ಷಿಗಳು, ಇನ್ನೊಂದರಲ್ಲಿ ರಿಪಬ್ಲಿಕನ್ ಆಕಾಂಕ್ಷಿಗಳು. ನೀವು ಯಾವುದನ್ನಾದರೂ ಆರಿಸಿ, ಯಾರೂ ಕೇಳುವುದಿಲ್ಲ, ಎಲ್ಲೂ ದಾಖಲಾಗುವುದಿಲ್ಲ. ಆದರೆ ಒಂದೇ ಸಾಲಿನೊಳಗೆ ಇರಬೇಕು. ಗವರ್ನರ್‌ಗೆ ಈ ಸಾಲಿನಲ್ಲಿ ಒಂದು ಗುರುತು, ಕೌಂಟಿ ಕಮಿಷನರ್‌ಗೆ ಆ ಸಾಲಿನಲ್ಲಿ ಒಂದು ಗುರುತು ಹಾಕಿದಿರೋ, ಪಕ್ಷದ ವಿಭಾಗದ ಮತಗಳೆಲ್ಲ ಹೋದವು. ಇದನ್ನು ಕ್ರಾಸ್‌ಓವರ್ ಎನ್ನುತ್ತಾರೆ. ಆ ಒಂದು ಸ್ಥಾನದ ಮತವಷ್ಟೇ ಅಲ್ಲ, ಮೇಲಿಂದ ಕೆಳಗಿನವರೆಗೆ ಎಲ್ಲ ಸ್ಥಾನಗಳದ್ದೂ ಲೆಕ್ಕಕ್ಕಿಲ್ಲ. ಪಕ್ಷರಹಿತ ವಿಭಾಗ ಮತ್ತು ಶಾಲೆಯ ತೆರಿಗೆ, ರಸ್ತೆಯ ತೆರಿಗೆ ಮುಂತಾದ ಪ್ರಸ್ತಾವಗಳ ಮೇಲಿನ ಮತ ಮಾತ್ರ ಉಳಿಯುತ್ತವೆ.

ಮತಗಟ್ಟೆಗೆ ಬಂದು ಹಾಕಿದರೆ ಈ ತಪ್ಪಿಗೆ ಪರಿಹಾರವಿದೆ. ಮತ ಎಣಿಸುವ ಟ್ಯಾಬ್ಯುಲೇಟರ್ ಯಂತ್ರ ಹಾಳೆಯನ್ನು ಒಳಕ್ಕೆ ಎಳೆದುಕೊಂಡು ನಿಲ್ಲುತ್ತದೆ, ಪರದೆಯ ಮೇಲೆ ಎರಡೂ ಪಕ್ಷಕ್ಕೆ ಗುರುತು ಹಾಕಿದ್ದೀರೆಂದು ತೋರಿಸಿ, ಹಾಳೆ ವಾಪಸ್ ಬೇಕೋ ಹಾಗೇ ಹಾಕಬೇಕೋ ಎಂದು ಕೇಳುತ್ತದೆ. ಅವಸರದಲ್ಲಿರುವವರು 'ಹಾಕು' ಎಂಬ ಗುಂಡಿ ಒತ್ತಿಬಿಡುತ್ತಾರೆ. ಒತ್ತಿದ ಮೇಲೆ ಯಾರೂ ಏನೂ ಮಾಡುವಂತಿಲ್ಲ. ವಾಪಸ್ ಪಡೆದು ಇನ್‌ಸ್ಪೆಕ್ಟರ್‌ಗೆ ಹೇಳಿದರೆ ಹಳೆಯದನ್ನು 'ಸ್ಪಾಯಿಲ್ಡ್' ಎಂದು ಬರೆದು ಬೇರೆ ಲಕೋಟೆಗೆ ಹಾಕಿ ಹೊಸ ಹಾಳೆ ಕೊಡುತ್ತೇವೆ. ನಾಚಿಕೊಳ್ಳುವಂಥದ್ದು ಏನೂ ಇಲ್ಲ, ದಿನಕ್ಕೆ ಹಲವು ಸಲ ಆಗುವ ಕೆಲಸ ಅದು. ಮನೆಯಿಂದ ಅಂಚೆಯಲ್ಲಿ ಕಳಿಸಿದ ಮತಪತ್ರಕ್ಕೆ ಈ ಎಚ್ಚರಿಕೆ ಸಿಗುವುದಿಲ್ಲ. ಲಕೋಟೆ ತೆರೆದ ಮೇಲೆ ಅದು ಯಾರದ್ದೆಂದೇ ಗೊತ್ತಿರುವುದಿಲ್ಲವಲ್ಲ, ವಾಪಸ್ ಕೊಡುವುದು ಯಾರಿಗೆ? ಮನೆಗೆ ತರಿಸಿಕೊಂಡ ಮತಪತ್ರವನ್ನು ತುಂಬಿ, ಲಕೋಟೆ ಸಮೇತ ಮತಗಟ್ಟೆಗೆ ತಂದು ನೀವೇ ಯಂತ್ರಕ್ಕೆ ಹಾಕಲು ಈಗ ಅವಕಾಶವಿದೆ. ಪ್ರೈಮರಿಯಲ್ಲಿ ಅದೇ ಒಳ್ಳೆಯ ದಾರಿ ಎಂಬುದು ನಮ್ಮ ಅಭಿಪ್ರಾಯ.

ಆಗಸ್ಟ್‌ನ ಹಾಳೆಯಲ್ಲಿ, ಸಮ ಸಂಖ್ಯೆಯ ವರ್ಷಗಳಲ್ಲಿ, ಪಕ್ಷದ ಸಾಲಿನ ಕೊನೆಗೆ ಪ್ರಿಸಿಂಕ್ಟ್ ಡೆಲಿಗೇಟ್, ಅಂದರೆ ಒಂದು ಮತಗಟ್ಟೆಯ ವ್ಯಾಪ್ತಿಗೆ (ಪ್ರಿಸಿಂಕ್ಟ್) ಪಕ್ಷದ ಪ್ರತಿನಿಧಿ, ಎಂಬ ಸ್ಥಾನ ಇರುತ್ತದೆ. ಬಹಳ ಜನ ಖಾಲಿ ಬಿಡುತ್ತಾರೆ. ಸಂಬಳವಿಲ್ಲ, ಕಚೇರಿಯಿಲ್ಲ, ಸಹಿ ಸಂಗ್ರಹವೂ ಬೇಡ. ಕೌಂಟಿ ಕ್ಲರ್ಕ್‌ಗೆ ಒಂದು ಅಫಿಡವಿಟ್ ಕೊಟ್ಟರೆ ಸಾಕು, ಹೆಸರು ಬರುತ್ತದೆ. ಕೆಲವು ಪ್ರಿಸಿಂಕ್ಟ್‌ಗಳಲ್ಲಿ ಬೆರಳೆಣಿಕೆಯ ಮತಗಳಲ್ಲಿ ಗೆದ್ದುಬಿಡುತ್ತಾರೆ. ಹೀಗೆ ಗೆದ್ದವರೇ ಕೌಂಟಿ ಸಮಾವೇಶಕ್ಕೆ ಹೋಗಿ, ರಾಜ್ಯ ಸಮಾವೇಶಕ್ಕೆ ಪ್ರತಿನಿಧಿಗಳನ್ನು ಆರಿಸುತ್ತಾರೆ. ಮಿಷಿಗನ್‌ನಲ್ಲಿ ಅಟಾರ್ನಿ ಜನರಲ್, ಸೆಕ್ರೆಟರಿ ಆಫ್ ಸ್ಟೇಟ್, ರಾಜ್ಯ ಸುಪ್ರೀಂ ಕೋರ್ಟಿನ ಅಭ್ಯರ್ಥಿಗಳು, ಆ್ಯನ್ ಆರ್ಬರ್‌ನ ಯೂನಿವರ್ಸಿಟಿ ಆಫ್ ಮಿಷಿಗನ್‌ನ ಆಡಳಿತ ಮಂಡಳಿಯ ರೀಜೆಂಟರು, ಮಿಷಿಗನ್ ಸ್ಟೇಟ್ ಮತ್ತು ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಯವರು ಇವರ್‍ಯಾರೂ ಪ್ರೈಮರಿಗೆ ನಿಲ್ಲುವುದಿಲ್ಲ. ಅವರನ್ನು ಪಕ್ಷಗಳ ರಾಜ್ಯ ಸಮಾವೇಶ ಹೆಸರಿಸುತ್ತದೆ. ಮಗಳ ಕಾಲೇಜು ಫೀಸು ಏರಿಸುವ ಮಂಡಳಿಯ ಮೇಲೆ ನಿಮ್ಮ ಮಾತು ನಡೆಯಬೇಕಿದ್ದರೆ ಬಾಗಿಲು ಇರುವುದು ಆ ಹಾಳೆಯ ತಳದಲ್ಲಿ.

ಅಧ್ಯಕ್ಷರ ಪ್ರೈಮರಿ ಬೇರೆಯೇ ಚುನಾವಣೆ, ಬೇರೆಯೇ ದಿನ. ಇದನ್ನು ಆಗಸ್ಟ್‌ನದರ ಜೊತೆ ಬೆರೆಸಿಕೊಳ್ಳುವವರು ಬಹಳ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಇದರಲ್ಲಿ ಎರಡು ಪಕ್ಷಕ್ಕೆ ಎರಡು ಬೇರೆ ಹಾಳೆಗಳು. ಯಾವುದು ಬೇಕೆಂದು ಅರ್ಜಿಯಲ್ಲಿ ಗುರುತು ಹಾಕಲೇಬೇಕು. ನೀವು ಯಾವ ಪಕ್ಷದ ಹಾಳೆ ತೆಗೆದುಕೊಂಡಿರಿ ಎಂಬುದು ದಾಖಲಾಗುತ್ತದೆ, ಯಾರಿಗೆ ಹಾಕಿದಿರಿ ಎಂಬುದು ಆಗುವುದಿಲ್ಲ. ಮನೆಗೆ ಮತಪತ್ರ ತರಿಸಿಕೊಳ್ಳುವವರು ಈ ಆಯ್ಕೆಯನ್ನು ಬರೆದು ಕಳಿಸದಿದ್ದರೆ ಅಧ್ಯಕ್ಷರ ಪ್ರೈಮರಿಯ ಹಾಳೆ ಬರುವುದೇ ಇಲ್ಲ, ಕಾಯುತ್ತಾ ಕೂತರೆ ದಿನ ಕಳೆದುಹೋಗುತ್ತದೆ.

ಇಲ್ಲಿ ಮತ ಎಣಿಸುವುದು ರಾಜ್ಯ, ಆದರೆ ಆ ಎಣಿಕೆಯಿಂದ, ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನು ಹೆಸರಿಸುವ ಪಕ್ಷದ ರಾಷ್ಟ್ರೀಯ ಸಮಾವೇಶಕ್ಕೆ ಯಾರ ಪರ ಎಷ್ಟು ಡೆಲಿಗೇಟ್‌ಗಳು (ಪ್ರತಿನಿಧಿಗಳು) ಎಂದು ತೀರ್ಮಾನಿಸುವುದು ಪಕ್ಷ. ಇಬ್ಬರ ನಿಯಮ ಹೊಂದದೆ ಹೋದಾಗ ಏನಾಗುತ್ತದೆಂದು 2024ರಲ್ಲಿ ಕಂಡೆವು. ಮಿಷಿಗನ್ ತನ್ನ ಪ್ರೈಮರಿಯನ್ನು ಫೆಬ್ರುವರಿ 27ಕ್ಕೆ ಹಿಂದಕ್ಕೆಳೆದುಕೊಂಡಿತು. ಅಷ್ಟು ಬೇಗ ನಡೆಸುವುದು ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯ ನಿಯಮಕ್ಕೆ ವಿರುದ್ಧ. ಕೊನೆಗೆ ಆ ಪಕ್ಷ ತನ್ನ 55 ಡೆಲಿಗೇಟ್‌ಗಳಲ್ಲಿ 16ನ್ನು ಮಾತ್ರ ಪ್ರೈಮರಿಯ ಮತಕ್ಕೆ ಬಿಟ್ಟು, ಉಳಿದ 39ನ್ನು ಮಾರ್ಚ್ 2ರ ಕಾಕಸ್ ಸಮಾವೇಶದಲ್ಲಿ ಹಂಚಿತು. ಕಾಕಸ್ ಎಂದರೆ ಪಕ್ಷ ತಾನೇ ನಡೆಸುವ ಸಭೆ. ಅಲ್ಲಿ ಸರ್ಕಾರದ ಯಂತ್ರವೂ ಇಲ್ಲ, ಅಂಚೆ ಮತವೂ ಇಲ್ಲ, ಬಂದವರದ್ದೇ ಮಾತು. ಅದೇ ದಿನದ ಡೆಮಾಕ್ರಟಿಕ್ ಹಾಳೆಯಲ್ಲಿ ಬೈಡನ್ ಹೆಸರಿನ ಜೊತೆ 'ಅನ್‌ಕಮಿಟೆಡ್' ಎಂಬ ಆಯ್ಕೆಯೂ ಇತ್ತು. ಗಾಜಾ ಯುದ್ಧದ ಕುರಿತ ಅಸಮಾಧಾನವನ್ನು ತೋರಿಸಲು 1 ಲಕ್ಷಕ್ಕೂ ಹೆಚ್ಚು ಜನ, ಶೇ 13ರಷ್ಟು, ಅದನ್ನೇ ಆರಿಸಿದರು. ಆ ಆಯ್ಕೆಗೂ ಎರಡು ಡೆಲಿಗೇಟ್ ಸ್ಥಾನ ಸಿಕ್ಕವು.

ಬೇರೆ ರಾಜ್ಯಗಳಲ್ಲಿರುವವರು ಮಿಷಿಗನ್‌ನ ನಿಯಮವನ್ನೇ ನಂಬಿಕೊಳ್ಳಬಾರದು. ನ್ಯೂಯಾರ್ಕ್‌ನಲ್ಲಿ ಪಕ್ಷಕ್ಕೆ ನೋಂದಾಯಿಸಿದವರಿಗಷ್ಟೇ ಆ ಪಕ್ಷದ ಪ್ರೈಮರಿ. ಪಕ್ಷ ಬದಲಿಸುವವರು ಫೆಬ್ರುವರಿ 14ರೊಳಗೆ ಬದಲಿಸದಿದ್ದರೆ ಜೂನ್ ಪ್ರೈಮರಿ ಕೈಬಿಟ್ಟಂತೆ. ಟೆಕ್ಸಾಸ್‌ನಲ್ಲಿ ಮಾರ್ಚ್‌ನಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೇ ತಿಂಗಳಲ್ಲಿ ಮೊದಲ ಇಬ್ಬರ ನಡುವೆ ಮತ್ತೊಂದು ಸುತ್ತು, ಮಾರ್ಚ್‌ನಲ್ಲಿ ಒಂದು ಪಕ್ಷದಲ್ಲಿ ಹಾಕಿದವರು ಮೇನಲ್ಲಿ ಇನ್ನೊಂದಕ್ಕೆ ಹಾಕುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿ ಜನರೇ ಒಪ್ಪಿದ ಪದ್ಧತಿಯಂತೆ, ಅಧ್ಯಕ್ಷ ಸ್ಥಾನವೊಂದನ್ನು ಬಿಟ್ಟು ಕಾಂಗ್ರೆಸ್, ಗವರ್ನರ್, ರಾಜ್ಯ ಶಾಸನಸಭೆಯ ಸ್ಥಾನಗಳಿಗೆ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ನಿಂತು, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ಒಂದು ಮತದ ಬೆಲೆ ಏನೆಂದು ಕೇಳುವವರಿಗೆ 2024ರ ಮಾರ್ಚ್ 5ರಂದು ಅಲ್ಲಿನ 16ನೇ ಕಾಂಗ್ರೆಸ್ ಕ್ಷೇತ್ರದಲ್ಲಿ ಆದದ್ದನ್ನು ಹೇಳಬೇಕು. ಸಿಲಿಕಾನ್ ವ್ಯಾಲಿಯ ಆ ಕ್ಷೇತ್ರದಲ್ಲಿ ಸ್ಯಾಮ್ ಲಿಕಾರ್ಡೊ ಮೊದಲು ಬಂದರು. ಎರಡನೇ ಸ್ಥಾನಕ್ಕೆ ಇವಾನ್ ಲೋ ಮತ್ತು ಜೋ ಸಿಮಿಟಿಯನ್ ಇಬ್ಬರಿಗೂ ಸರಿಯಾಗಿ 30,249 ಮತ. ಮರುಎಣಿಕೆಯಲ್ಲಿ ಲೋ ಐದು ಮತ ಮುಂದೆ ಬಂದು ನವೆಂಬರ್‌ಗೆ ಹೋದರು, ಸಿಮಿಟಿಯನ್ ಮನೆಗೆ ಹೋದರು.

ಮತದಾನಕ್ಕೆ ಮಿಷಿಗನ್‌ನಲ್ಲಿ ಮೂರು ದಾರಿ. ಒಂದು, ಮನೆಗೆ ಮತಪತ್ರ ತರಿಸಿಕೊಳ್ಳುವುದು. ಕಾರಣ ಕೊಡಬೇಕಿಲ್ಲ, ಚುನಾವಣೆಗೆ 40 ದಿನ ಮುಂಚಿನಿಂದ ಸಿಗುತ್ತದೆ. ಮರಳಿಸುವ ಲಕೋಟೆಗೆ ಅಂಚೆವೆಚ್ಚ ನೀವು ಕೊಡಬೇಕಿಲ್ಲ, ಡ್ರಾಪ್ ಬಾಕ್ಸ್‌ಗೂ ಹಾಕಬಹುದು. ಚುನಾವಣೆಯ ದಿನ ರಾತ್ರಿ 8ರೊಳಗೆ ಕ್ಲರ್ಕ್ ಕೈ ಸೇರಬೇಕು. ಅಂದು ಅಂಚೆಗೆ ಹಾಕಿದರೆ ಸಾಲದು, ಆ ರಿಯಾಯಿತಿ ಇರುವುದು ಸೈನಿಕರಿಗೆ ಮತ್ತು ವಿದೇಶದಲ್ಲಿರುವ ಮತದಾರರಿಗೆ. ಕೊನೆಯ ವಾರದಲ್ಲಿ ಅಂಚೆಯನ್ನು ನಂಬದೆ ಡ್ರಾಪ್ ಬಾಕ್ಸ್‌ಗೆ ನೀವೇ ಹಾಕಿ ಬನ್ನಿ.

ಮತಪತ್ರ ತಿರಸ್ಕೃತವಾಗುವುದು ಹೆಚ್ಚಾಗಿ ಲಕೋಟೆಯ ಮೇಲಿನ ಸಹಿಯಿಂದ. ಸಹಿ ಮರೆತವರು, ಒಂದೇ ಮನೆಯ ಲಕೋಟೆಗಳು ಅದಲುಬದಲಾಗಿ ಗಂಡನ ಲಕೋಟೆಗೆ ಹೆಂಡತಿ ಸಹಿ ಹಾಕಿದವರು, ಅಮ್ಮನ ಪರವಾಗಿ ತಾವೇ ಸಹಿ ಮಾಡಿದ ಮಕ್ಕಳು ಹೀಗೆ. ಕ್ಲರ್ಕ್ ಅದನ್ನು ನಿಮ್ಮ ದಾಖಲೆಯಲ್ಲಿರುವ ಸಹಿಯ ಜೊತೆ ಹೋಲಿಸುತ್ತಾರೆ. ಆ ಸಹಿ ಬಂದಿರುವುದು ಸಾಮಾನ್ಯವಾಗಿ ನಿಮ್ಮ ಡ್ರೈವಿಂಗ್ ಲೈಸೆನ್ಸ್‌ನಿಂದ. ಲೈಸೆನ್ಸಿಗೆ ಕನ್ನಡದಲ್ಲಿ ಸಹಿ ಹಾಕಿದವರು ಲಕೋಟೆಗೂ ಕನ್ನಡದಲ್ಲೇ ಹಾಕಿ. ಸಹಿ ಹೊಂದದಿದ್ದರೆ ಕ್ಲರ್ಕ್ ಫೋನ್, ಇಮೇಲ್ ಅಥವಾ ಕಾಗದದ ಮೂಲಕ ತಿಳಿಸುತ್ತಾರೆ, ಚುನಾವಣೆ ಮುಗಿದ ಮೂರನೇ ದಿನ ಸಂಜೆ 5ರೊಳಗೆ ಸರಿಪಡಿಸಬಹುದು. ಅದಕ್ಕಾಗಿ ಮತಪತ್ರ ತರಿಸಿಕೊಳ್ಳುವ ಅರ್ಜಿಯಲ್ಲಿ ಫೋನ್ ನಂಬರ್ ಬರೆದಿರಬೇಕು. ಕಡ್ಡಾಯವಲ್ಲ ಎಂದು ಬಿಟ್ಟವರಿಗೆ ಸುದ್ದಿ ಮುಟ್ಟುವುದು ಕಾಗದದಲ್ಲಿ, ಅದು ತಲುಪುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಎರಡನೆಯದು ಅರ್ಲಿ ವೋಟಿಂಗ್, ಅಂದರೆ ಚುನಾವಣೆಯ ದಿನಕ್ಕೆ ಮುಂಚೆಯೇ ಖುದ್ದಾಗಿ ಹೋಗಿ ಮತ ಹಾಕುವುದು. 2022ರಲ್ಲಿ ಜನ ಒಪ್ಪಿದ ತಿದ್ದುಪಡಿಯಿಂದ ಬಂದದ್ದು, ರಾಜ್ಯ ಮತ್ತು ಫೆಡರಲ್ ಚುನಾವಣೆಗಳಿಗೆ ಕನಿಷ್ಠ ಒಂಬತ್ತು ದಿನ, ದಿನಕ್ಕೆ ಎಂಟು ಗಂಟೆ, ಹಿಂದಿನ ಭಾನುವಾರಕ್ಕೆ ಮುಗಿಯುತ್ತದೆ. ಮೂರನೆಯದು ಚುನಾವಣೆಯ ದಿನವಾದ ಮಂಗಳವಾರದಂದೇ ನಿಮ್ಮ ಪ್ರಿಸಿಂಕ್ಟ್‌ಗೆ ಹೋಗುವುದು. ಬೆಳಿಗ್ಗೆ 7ರಿಂದ ರಾತ್ರಿ 8. ಎಂಟಕ್ಕೆ ಸಾಲಿನಲ್ಲಿ ನಿಂತಿದ್ದರೆ ಎಷ್ಟು ಹೊತ್ತಾದರೂ ನಿಮಗೆ ಮತ ಹಾಕುವ ಹಕ್ಕಿದೆ, ಯಾರೋ ಹೇಳಿದರೆಂದು ಸಾಲು ಬಿಟ್ಟು ಹೋಗಬೇಡಿ.

ನಮ್ಮ ಕೆಲಸ ಶುರುವಾಗುವುದು 6ಕ್ಕೆ. ಪ್ರತಿ ಪ್ರಿಸಿಂಕ್ಟ್‌ನಲ್ಲಿ ಕನಿಷ್ಠ ಮೂವರು ಇನ್‌ಸ್ಪೆಕ್ಟರ್‌ಗಳಿರಬೇಕು, ಎರಡೂ ಪಕ್ಷದವರು ಇರಲೇಬೇಕು. ಇನ್‌ಸ್ಪೆಕ್ಟರ್ ಆಗಲು ಅರ್ಜಿ ಹಾಕುವಾಗ ನಿಮ್ಮ ಪಕ್ಷ ಯಾವುದೆಂದು ಬರೆಯಬೇಕಾಗುವುದು ಅದಕ್ಕೇ. ಮೊದಲು ಯಂತ್ರದ ಮೇಲಿನ ಸೀಲ್ ನಂಬರನ್ನು ಪುಸ್ತಕದಲ್ಲಿ ಬರೆದದ್ದರ ಜೊತೆ ತಾಳೆ ನೋಡುತ್ತೇವೆ. ಆಮೇಲೆ ಯಂತ್ರ ಒಂದು ಉದ್ದನೆಯ ಪಟ್ಟಿ ಮುದ್ರಿಸುತ್ತದೆ, ಪ್ರತಿ ಅಭ್ಯರ್ಥಿಯ ಹೆಸರಿನ ಎದುರೂ ಸೊನ್ನೆ. ಆ ಪಟ್ಟಿಗೆ ಎಲ್ಲರೂ ಸಹಿ ಮಾಡಿದ ಮೇಲೆಯೇ ಬಾಗಿಲು ತೆರೆಯುವುದು.

ಮತದಾರರು ಬಂದು ಅರ್ಜಿ ತುಂಬಿ ಸಹಿ ಹಾಕಿ ಫೋಟೊ ಇರುವ ಗುರುತಿನ ಚೀಟಿ ತೋರಿಸುತ್ತಾರೆ. ಚೀಟಿ ಮನೆಯಲ್ಲಿ ಬಿಟ್ಟಿದ್ದರೆ ಒಂದು ಅಫಿಡವಿಟ್‌ಗೆ ಸಹಿ ಹಾಕಿ ಎಲ್ಲರಂತೆ ಮತ ಹಾಕಬಹುದು. ಲ್ಯಾಪ್‌ಟಾಪ್‌ನಲ್ಲಿರುವ ಪೋಲ್‌ಬುಕ್‌ನಲ್ಲಿ (ಮತದಾರರ ಪಟ್ಟಿ) ಹೆಸರು ಹುಡುಕುವಾಗ ನಮ್ಮವರದ್ದೇ ಒಂದು ತೊಡಕು ಇದೆ. ಊರಲ್ಲಿ ಇನಿಷಿಯಲ್ ಆಗಿದ್ದ ಅಪ್ಪನ ಹೆಸರೋ ಊರಿನ ಹೆಸರೋ ಪಾಸ್‌ಪೋರ್ಟಿನಲ್ಲಿ ಬಿಡಿಸಿ ಬರೆಸಿದಾಗ ಸರ್‌ನೇಮ್ ಆಗಿರುತ್ತದೆ. 'ಮಂಜುನಾಥ' ಎಂದು ಹುಡುಕಿದರೆ ಸಿಗುವುದಿಲ್ಲ, 'ತಿಮ್ಮೇಗೌಡ' ಎಂದು ಹುಡುಕಿದರೆ ಸಿಗುತ್ತದೆ. ಲೈಸೆನ್ಸ್‌ನಲ್ಲಿ ಇರುವಂತೆಯೇ ಅರ್ಜಿಯಲ್ಲೂ ಬರೆಯಿರಿ, ಸಿಗಲಿಲ್ಲವೆಂದರೆ ಇನ್ನೊಂದು ಹೆಸರಿನಿಂದಲೂ ಹುಡುಕಲು ಕೇಳಿ. ಮತಪತ್ರದ ತುದಿಯ ಚೀಟಿಯಲ್ಲಿ ಒಂದು ನಂಬರ್ ಇರುತ್ತದೆ, ಅದು ಪೋಲ್‌ಬುಕ್‌ನಲ್ಲಿ ನಿಮ್ಮ ಹೆಸರಿನ ಎದುರು ದಾಖಲಾಗುತ್ತದೆ. ಯಂತ್ರದ ಬಳಿ ಆ ನಂಬರ್ ತಾಳೆ ನೋಡಿ ಚೀಟಿಯನ್ನು ಹರಿದು ತೆಗೆಯುತ್ತಾರೆ. ಹಾಳೆ ಯಾರದ್ದೆಂದು ತಿಳಿಸುವಂಥದ್ದು ಅದರಲ್ಲಿ ಏನೂ ಉಳಿಯುವುದಿಲ್ಲ.

ರಾತ್ರಿ ಬಾಗಿಲು ಮುಚ್ಚಿದ ಮೇಲೆ ಇರುವುದೇ ಕಷ್ಟದ ಕೆಲಸ: ಪುಸ್ತಕದ ಲೆಕ್ಕ ಸರಿಹೋಗಬೇಕು. ಪೋಲ್‌ಬುಕ್ ಪ್ರಕಾರ ಬಂದ ಮತದಾರರು 612 ಎಂದಿಟ್ಟುಕೊಳ್ಳಿ, ಯಂತ್ರದ ಎಣಿಕೆಯೂ 612 ಇರಬೇಕು. 611 ಬಂದರೆ ಯಾರೋ ಹಾಳೆ ಪಡೆದು ಯಂತ್ರಕ್ಕೆ ಹಾಕದೆ ಹೊರಟುಹೋಗಿದ್ದಾರೆ, ಇಲ್ಲವೇ ಕೆಟ್ಟ ಹಾಳೆಯನ್ನು ಕಂಪ್ಯೂಟರಿನಲ್ಲಿ 'ಸ್ಪಾಯಿಲ್ಡ್' ಎಂದು ಗುರುತಿಸಿಲ್ಲ. 613 ಬಂದರೆ ಎರಡು ಹಾಳೆ ಅಂಟಿಕೊಂಡು ಒಬ್ಬರ ಕೈಗೇ ಹೋಗಿರಬಹುದು, ಅಥವಾ ಸಿಕ್ಕಿಹಾಕಿಕೊಂಡ ಹಾಳೆಯನ್ನು ಎಣಿಕೆಯಾಗಿದೆಯೇ ಎಂದು ನೋಡದೆ ಮತ್ತೆ ಹಾಕಿರಬಹುದು. ಪ್ರತಿ ಗಂಟೆಗೊಮ್ಮೆ ಎರಡು ಸಂಖ್ಯೆ ತಾಳೆ ನೋಡಿದರೆ ತಪ್ಪು ಆದ ಗಂಟೆ ಗೊತ್ತಾಗುತ್ತದೆ, ಕಾರಣವನ್ನು ಪುಸ್ತಕದಲ್ಲಿ ಬರೆಯಬಹುದು. ರಾತ್ರಿ 9ಕ್ಕೆ ಒಟ್ಟಿಗೆ ಹುಡುಕಲು ಕೂತರೆ ಸಿಗುವುದಿಲ್ಲ. ಇದು ಬರೀ ಅಚ್ಚುಕಟ್ಟಿನ ಮಾತಲ್ಲ. 2024ರಲ್ಲಿ ಕಾನೂನು ತಿದ್ದುವವರೆಗೂ, ಕಾರಣ ಬರೆಯದೆ ಲೆಕ್ಕ ತಪ್ಪಿದ ಪ್ರಿಸಿಂಕ್ಟ್‌ನ ಮತಗಳನ್ನು ಮರುಎಣಿಕೆ ಮಾಡಲು ಆಗುತ್ತಲೇ ಇರಲಿಲ್ಲ, ಮೊದಲ ಎಣಿಕೆಯೇ ಅಂತಿಮ. ಆಮೇಲೆ ಹಾಳೆಗಳನ್ನು ಡಬ್ಬಕ್ಕೆ ತುಂಬಿ ನಂಬರಿನ ಸೀಲ್ ಹಾಕಿ, ಎರಡು ಬೇರೆ ಪಕ್ಷದ ಇಬ್ಬರು ಸೇರಿ ಕ್ಲರ್ಕ್‌ಗೆ ಒಪ್ಪಿಸಿ ಬರುತ್ತಾರೆ.

ನವೆಂಬರ್‌ನ ಹಾಳೆ ಆಗಸ್ಟ್‌ನದಕ್ಕಿಂತ ಉದ್ದ, ಆದರೆ ಸುಲಭ. ಒಂದು ಪಕ್ಷದವರಿಗೆ ಸೆನೆಟ್, ಇನ್ನೊಂದು ಪಕ್ಷದವರಿಗೆ ಅಧ್ಯಕ್ಷ ಸ್ಥಾನ ಎಂದು ಹಂಚಿ ಹಾಕಿದರೂ ಏನೂ ಕೆಡುವುದಿಲ್ಲ. 2024ರಲ್ಲಿ ಮಿಷಿಗನ್ ಹಾಗೇ ಮಾಡಿತು: ಅಧ್ಯಕ್ಷ ಸ್ಥಾನಕ್ಕೆ ಟ್ರಂಪ್ ಸುಮಾರು 80,000 ಮತಗಳಿಂದ, ಸೆನೆಟ್‌ಗೆ ಡೆಮಾಕ್ರಟಿಕ್ ಪಕ್ಷದ ಎಲಿಸಾ ಸ್ಲಾಟ್‌ಕಿನ್ ಸುಮಾರು 19,000 ಮತಗಳಿಂದ ಗೆದ್ದರು. ಹಾಳೆಯ ಮೇಲ್ತುದಿಯಲ್ಲಿ ಸ್ಟ್ರೇಟ್ ಪಾರ್ಟಿ ಎಂಬ ಒಂದು ಅಂಡಾಕಾರದ ಗುರುತು ಇದೆ, ಅದನ್ನು ತುಂಬಿದರೆ ಆ ಪಕ್ಷದ ಎಲ್ಲ ಅಭ್ಯರ್ಥಿಗಳಿಗೂ ಮತ ಹೋಗುತ್ತದೆ. ಅದನ್ನು ತುಂಬಿಯೂ ಒಂದು ಸ್ಥಾನಕ್ಕೆ ಬೇರೆ ಪಕ್ಷದವರನ್ನು ಗುರುತಿಸಿದರೆ, ಆ ಸ್ಥಾನಕ್ಕೆ ನೀವು ಗುರುತಿಸಿದ್ದೇ ಲೆಕ್ಕ.

ಸ್ಟ್ರೇಟ್ ಪಾರ್ಟಿ ತುಂಬಿ ಹಾಳೆ ಮಡಿಸುವವರು ಬಿಟ್ಟುಬಿಡುವುದು ಹಿಂಬದಿಯನ್ನು. ನ್ಯಾಯಾಧೀಶರು, ಶಾಲಾ ಮಂಡಳಿ, ತೆರಿಗೆಯ ಪ್ರಸ್ತಾವಗಳು, ಸಂವಿಧಾನ ತಿದ್ದುಪಡಿಗಳು ಇವಕ್ಕೆಲ್ಲ ಆ ಗುರುತು ಅನ್ವಯಿಸುವುದಿಲ್ಲ. ರಾಜ್ಯ ಸುಪ್ರೀಂ ಕೋರ್ಟಿನ ಅಭ್ಯರ್ಥಿಗಳನ್ನು ಪಕ್ಷದ ಸಮಾವೇಶವೇ ಹೆಸರಿಸಿದರೂ ಹಾಳೆಯಲ್ಲಿ ಅವರ ಪಕ್ಷ ಮುದ್ರಿಸಿರುವುದಿಲ್ಲ. ಯಾರು ಯಾವ ಕಡೆಯವರೆಂದು ಮನೆಯಲ್ಲೇ ತಿಳಿದುಕೊಂಡು ಚೀಟಿಯಲ್ಲಿ ಬರೆದು ತನ್ನಿ, ಬೂತಿನೊಳಗೆ ಚೀಟಿ ನೋಡಬಹುದು. ರಾಜ್ಯದ ವೋಟರ್ ಇನ್‌ಫರ್ಮೇಷನ್ ಸೆಂಟರ್ ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ತಿಂಗಳು ಮತ್ತು ವರ್ಷ, ಪಿನ್ ಕೋಡ್ ಕೊಟ್ಟರೆ ನಿಮ್ಮದೇ ಹಾಳೆಯ ಮಾದರಿ ಸಿಗುತ್ತದೆ. 'ಇಬ್ಬರಿಗಿಂತ ಹೆಚ್ಚಿಲ್ಲ' ಎಂದಿರುವಲ್ಲಿ ಒಬ್ಬರಿಗೆ ಹಾಕಿದರೆ ಸರಿ, ಮೂವರಿಗೆ ಹಾಕಿದರೆ ಆ ಸ್ಥಾನದ ಮತ ಹೋಯಿತು. ಕೈಯಿಂದ ಹೆಸರು ಬರೆಯುವುದಾದರೆ, ಅವರು ಮುಂಚೆಯೇ ರೈಟ್-ಇನ್ ಅಭ್ಯರ್ಥಿಯೆಂದು ಅರ್ಜಿ ಕೊಟ್ಟಿರಬೇಕು, ಇಲ್ಲದಿದ್ದರೆ ಎಣಿಸುವುದಿಲ್ಲ.

ಟಿವಿಯಲ್ಲಿ ರಾತ್ರಿ ಬರುವ ಅಂಕಿಗಳು ಅನಧಿಕೃತ. 2020ರಲ್ಲಿ ಉತ್ತರದ ಆ್ಯಂಟ್ರಿಮ್ ಕೌಂಟಿಯಲ್ಲಿ ಮೊದಲು ಬೈಡನ್ ಮುಂದಿದ್ದಂತೆ ತೋರಿಸಿತು, ಅದು ರಿಪಬ್ಲಿಕನ್ನರ ಪ್ರದೇಶ. ಕೆಲವು ಟೌನ್‌ಶಿಪ್‌ಗಳ ಮತಪತ್ರದಲ್ಲಿ ಕೊನೆಗಳಿಗೆಯಲ್ಲಿ ಬದಲಾವಣೆ ಆಗಿತ್ತು, ಎಲ್ಲ ಯಂತ್ರಗಳ ಮೆಮೊರಿ ಕಾರ್ಡನ್ನು ಅದಕ್ಕೆ ತಕ್ಕಂತೆ ಬದಲಿಸಿರಲಿಲ್ಲ, ಹಾಗಾಗಿ ಕೌಂಟಿಯ ಕಂಪ್ಯೂಟರ್ ಒಬ್ಬರ ಸಾಲಿನ ಮತವನ್ನು ಇನ್ನೊಬ್ಬರ ಸಾಲಿಗೆ ಓದಿತು. ಮರುದಿನವೇ ತಪ್ಪು ಸಿಕ್ಕಿತು, ಡಿಸೆಂಬರ್‌ನಲ್ಲಿ ಕಾಗದದ ಹಾಳೆಗಳನ್ನು ಕೈಯಲ್ಲೇ ಎಣಿಸಿದಾಗ ಟ್ರಂಪ್ ಗೆಲುವು ದೃಢವಾಯಿತು, ಪ್ರಮಾಣೀಕರಿಸಿದ ಲೆಕ್ಕಕ್ಕೂ ಕೈ ಎಣಿಕೆಗೂ ಬಂದ ವ್ಯತ್ಯಾಸ ಹನ್ನೆರಡು ಮತ. ಕಾಗದ ಇದ್ದದ್ದರಿಂದ ಇದು ಸಾಧ್ಯವಾಯಿತು.

ಪ್ರತಿ ಕೌಂಟಿಯಲ್ಲಿ ಮತದ ಲೆಕ್ಕ ಪರಿಶೀಲಿಸುವ ನಾಲ್ವರ ಕ್ಯಾನ್ವಾಸರ್ ಮಂಡಳಿ ಇದೆ, ಪಕ್ಷಕ್ಕೆ ಇಬ್ಬರಂತೆ. 14 ದಿನದೊಳಗೆ ಪುಸ್ತಕ, ಪಟ್ಟಿ, ಸೀಲ್ ನಂಬರ್ ಎಲ್ಲವನ್ನೂ ತಾಳೆ ನೋಡಿ ಪ್ರಮಾಣೀಕರಿಸಬೇಕು. ಸಭೆ ಬಹಿರಂಗ, ಯಾರು ಬೇಕಾದರೂ ಹೋಗಿ ಕೂರಬಹುದು. 2020ರ ನವೆಂಬರ್ 17ರಂದು ವೇಯ್ನ್ ಕೌಂಟಿಯ ಮಂಡಳಿ ಮೊದಲು 2–2 ಎಂದು ನಿಂತು, ಅದೇ ರಾತ್ರಿ 4–0ಗೆ ಬಂತು. ಈ ಮಂಡಳಿಯ ಕೆಲಸ ಲೆಕ್ಕ ಒಪ್ಪುವುದಷ್ಟೇ, ಫಲಿತಾಂಶ ಇಷ್ಟವಿಲ್ಲವೆಂದು ತಡೆಯುವ ಅಧಿಕಾರ ಅದಕ್ಕಿಲ್ಲ ಎಂಬುದನ್ನು 2022ರ ತಿದ್ದುಪಡಿ ಸಂವಿಧಾನದಲ್ಲೇ ಬರೆಯಿತು. ರಾಜ್ಯಮಟ್ಟದ ಸ್ಥಾನದಲ್ಲಿ ಅಂತರ 2,000 ಮತ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಯಾರೂ ಕೇಳದೆಯೂ ಮರುಎಣಿಕೆ. ಸ್ಥಳೀಯ ಸ್ಥಾನಗಳಲ್ಲಿ ಸಮ ಬಂದರೆ ಎರಡು ಚೀಟಿ ಮಡಿಸಿ ಡಬ್ಬಕ್ಕೆ ಹಾಕಿ, ಅಭ್ಯರ್ಥಿಗಳು ಒಂದೊಂದು ಎತ್ತುತ್ತಾರೆ.

ಅಧ್ಯಕ್ಷ ಸ್ಥಾನಕ್ಕೆ ಇನ್ನೂ ಒಂದು ಹೆಜ್ಜೆ ಉಳಿದಿರುತ್ತದೆ. ನವೆಂಬರ್‌ನಲ್ಲಿ ನೀವು ತುಂಬಿದ ಗುರುತು ವಾಸ್ತವದಲ್ಲಿ ಆ ಪಕ್ಷ ಹೆಸರಿಸಿದ ಎಲೆಕ್ಟರ್‌ಗಳಿಗೆ, ಅಂದರೆ ಅಧ್ಯಕ್ಷರನ್ನು ಕೊನೆಗೆ ಆರಿಸುವವರಿಗೆ, ಹೋಗಿರುತ್ತದೆ. ದೇಶದಲ್ಲಿ 538 ಎಲೆಕ್ಟರ್‌ಗಳು, ಗೆಲ್ಲಲು 270 ಬೇಕು. ಮಿಷಿಗನ್‌ಗೆ 2020ರವರೆಗೆ 16 ಇತ್ತು, ಜನಗಣತಿಯ ನಂತರ 15. ಒಂದು ಮತದಿಂದ ಗೆದ್ದರೂ ಎಲ್ಲ 15 ಅವರಿಗೇ. 2016ರಲ್ಲಿ 10,704 ಮತಗಳ ಅಂತರಕ್ಕೆ ಹದಿನಾರೂ ಹೋದವು. 2024ರ ಡಿಸೆಂಬರ್ 17ರಂದು ಎಲೆಕ್ಟರ್‌ಗಳು ಲ್ಯಾನ್ಸಿಂಗ್‌ನ ಕ್ಯಾಪಿಟಲ್‌ನಲ್ಲಿ ಸೇರಿ ಮತ ಹಾಕಿದರು. ತಮ್ಮ ಪಕ್ಷದ ಅಭ್ಯರ್ಥಿಗೆ ಹಾಕದ ಎಲೆಕ್ಟರ್ ರಾಜೀನಾಮೆ ಕೊಟ್ಟಂತೆ ಎಂದು ಮಿಷಿಗನ್ ಕಾನೂನು ಹೇಳುತ್ತದೆ, ಉಳಿದವರು ಅಲ್ಲೇ ಬೇರೊಬ್ಬರನ್ನು ಆರಿಸುತ್ತಾರೆ. ಈ ಎಲೆಕ್ಟರ್‌ಗಳನ್ನು ಹೆಸರಿಸುವುದೂ ಪಕ್ಷದ ರಾಜ್ಯ ಸಮಾವೇಶವೇ. 2026ರ ಪ್ರಿಸಿಂಕ್ಟ್ ಡೆಲಿಗೇಟ್ ಚುನಾವಣೆ ಆಗಸ್ಟ್ 4ರಂದು.